ನಾಲ್ಕು ದಿನ ಮದ್ದಿನಲ್ಲಿ ನಿಂತ ಕೋಲು

ಜೋಮೆಲ್ ಹುಟ್ಟಾ ಪುಕ್ಕಲ. ಇದನ್ನು ಬೇರೆಯವರು ಹೇಳುವ ಮೊದಲು ತಾನೇ ಹೇಳಿಬಿಡುವುದು ಅವನ ರೂಢಿ. ಆಮೇಲೆ ಎದುರಿನವರಿಗೆ ಆಡಿಕೊಳ್ಳಲು ಏನೂ ಉಳಿಯುವುದಿಲ್ಲ. ನಾಯಿಗೆ ಹೆದರುತ್ತಿದ್ದ, ಗುಡುಗಿಗೆ ಹೆದರುತ್ತಿದ್ದ, ಅತ್ತೆಯ ಫೋನ್ ಬಂದರೆ ಅದನ್ನು ಹೆಂಡತಿಯ ಕೈಗಿತ್ತು ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಇಪ್ಪತ್ತೇಳು ವರ್ಷದ ಬಾಳಿನಲ್ಲಿ ಅವನ ಹೆಸರಿಗಿದ್ದ ಧೈರ್ಯದ ಕೆಲಸ ಒಂದೇ, ರೋವೆನಾಳನ್ನು ಮದುವೆಯಾದದ್ದು. ಅದರಲ್ಲೂ ಆಗ್ತೀಯಾ ಅಂತ ಕೇಳಿದವಳು ಅವಳು, ಇವನು ತಲೆಯಾಡಿಸಿದ್ದಷ್ಟೆ.

ಅಂಹೆಲೆಸ್ ಊರಿನಲ್ಲಿ ತಾತಂಗ್ ಪೊಲ್ದೊ ಅವರ ಬಳಿ ಅವನ ಕೆಲಸ. ಪೊಲ್ದೊ ಬಿಲಿಯರ್ಡ್ಸ್ ಕೋಲು ಮಾಡುವವರು. ಎಪ್ಪತ್ತರ ಅಂಚಿನ ಮುದುಕರಾದ್ದರಿಂದ ಊರಿಗೆಲ್ಲ ತಾತಂಗ್. ಅವರ ಕಾರ್ಖಾನೆ ಎಂದರೆ ತಗಡಿನ ಮಾಡು, ಎರಡು ಲೇತು, ಹಿತ್ತಲಲ್ಲೊಂದು ಸಾಂತೋಲ್ ಮರ, ಆ ಮರಕ್ಕೆ ಕಟ್ಟಿ ನಿಲ್ಲಿಸಿದ ಎದೆಯೆತ್ತರದ ಕಬ್ಬಿಣದ ಕೊಳವೆ. ಕೊಳವೆಯ ತುಂಬ ಮರಕ್ಕೆ ಕುಡಿಸುವ ಮದ್ದು.

ಬಿಲಿಯರ್ಡ್ಸ್ ಕೋಲು ಎರಡು ತುಂಡಿನದು. ಕೈಯಲ್ಲಿ ಹಿಡಿಯುವ ಹಿಂಗೋಲು, ಚೆಂಡಿಗೆ ತಾಗುವ ಮುಂಗೋಲು. ಹಿಂಗೋಲಿಗೆ ಬಣ್ಣ, ಕೆತ್ತನೆ, ಮುತ್ತಿನ ಚಿಪ್ಪು ಎಲ್ಲ ಉಂಟು. ನೋಡುವವರು ಅದನ್ನೇ ನೋಡುತ್ತಾರೆ. ಆಡುವವನ ಮಾನ ಇರುವುದು ಮಾತ್ರ ಬೆಳ್ಳಗಿನ ಬೋಳು ಮುಂಗೋಲಿನಲ್ಲಿ. ಮೇಪಲ್ ಮರದ ಆ ಕೋಲನ್ನು ಒಂದೇ ಸಲಕ್ಕೆ ತೆಳ್ಳಗೆ ಕಡೆದರೆ ಅದು ಬಾಳೆಹಣ್ಣಿನಂತೆ ಬಗ್ಗುತ್ತದೆ. ಆದ್ದರಿಂದ ಒಂದು ಕೂದಲಿನಷ್ಟು ಕಡೆಯುವುದು, ಎರಡು ತಿಂಗಳು ಮಾಡಿಗೆ ನೇತುಹಾಕುವುದು, ಮತ್ತೆ ಒಂದು ಕೂದಲಿನಷ್ಟು. ಹೀಗೆ ಎರಡು ವರ್ಷ. ನಡುವೆ ಎರಡು ಸಲ ಮದ್ದಿನಲ್ಲಿ ಅದ್ದಬೇಕು, ಒಂದೊಂದು ಸಲಕ್ಕೂ ಕಾಲು ಗಂಟೆ, ಹೆಚ್ಚಿಲ್ಲ. ಮದ್ದು ಮರದ ಸಣ್ಣ ಸಣ್ಣ ತೂತುಗಳೊಳಗೆ ಹೋಗಿ ಕೂರುತ್ತದೆ, ಅದರ ತೆಳು ನೀರಿನಂಥ ಭಾಗ ಗಾಳಿಗೆ ಹಾರಿಹೋಗಿ ಅಂಟಿನಂಥದ್ದೇನೋ ಒಳಗೆ ಉಳಿಯುತ್ತದೆ. ಆಮೇಲೆ ಜುಲೈನ ಮಳೆಗಾಳಿಯೂ ಏಪ್ರಿಲ್‌ನ ಬಿಸಿಲೂ ಮರಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಇಷ್ಟೆಲ್ಲ ಮಾಡಿದರೂ ಹತ್ತರಲ್ಲಿ ನಾಲ್ಕು ಬಗ್ಗಿಯೇ ಬಗ್ಗುತ್ತವೆ. ಅವನ್ನು ತಾತಂಗ್ ಹಿತ್ತಲಲ್ಲಿ ನೆಟ್ಟು ಹಾಗಲಬಳ್ಳಿ ಹಬ್ಬಿಸಿದ್ದರು. ಅಷ್ಟು ಬೆಲೆಯ ಮರದ ಮೇಲೆ ಬೆಳೆಯುವ ಹಾಗಲಕಾಯಿ ಇಡೀ ಪಂಪಾಂಗಾ ಸೀಮೆಯಲ್ಲಿ ಬೇರೆಲ್ಲೂ ಇರಲಿಲ್ಲ.

ಮದ್ದಿನ ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವಿತ್ತು, ಪಕ್ಕದಲ್ಲಿ ಬೆಂಕಿಯ ಚಿತ್ರ. ಜೋಮೆಲ್‌ಗೆ ಎರಡೂ ಅರ್ಥವಾಗುತ್ತಿದ್ದವು. ಕೊಳವೆಯ ಮುಚ್ಚಳ ತೆಗೆಯುವಾಗ ಉಸಿರು ಬಿಗಿಹಿಡಿದು, ಮುಖ ಸಾಂತೋಲ್ ಮರದ ಕಡೆ ತಿರುಗಿಸಿ, ಮನಸ್ಸಿನಲ್ಲಿ ಮಾತೆ ಮೇರಿಯನ್ನು ನೆನೆದು ಕೋಲು ಇಳಿಸುತ್ತಿದ್ದ.

ತಾತಂಗ್ ಅವನನ್ನು ಸೇರಿಸಿಕೊಂಡದ್ದು ಕೈ ನೋಡಿ ಅಲ್ಲ, ಕಿವಿ ನೋಡಿ. ನಲವತ್ತು ವರ್ಷ ಲೇತಿನ ಪಕ್ಕ ನಿಂತು ಮುದುಕರ ಕಿವಿ ಸವೆದಿತ್ತು. ಹತ್ತಿರ ನಿಂತು ಮಾತಾಡಿದರೆ ಕೇಳುತ್ತಿತ್ತು, ಲಾರಿ ಹೋದರೆ ಕೇಳುತ್ತಿತ್ತು. ಮರದ ತೆಳ್ಳನೆ ದನಿ ಮಾತ್ರ ಹೊರಟುಹೋಗಿತ್ತು. ಮುಂಗೋಲು ಪೂರ್ತಿ ಒಣಗಿದೆಯೋ ಇಲ್ಲವೋ ತಿಳಿಯುವುದು ಆ ದನಿಯಿಂದಲೇ. ಕೋಲನ್ನು ನೆಟ್ಟಗೆ ಹಿಡಿದು ಸಿಮೆಂಟು ನೆಲದ ಮೇಲೆ ಗೇಣುದ್ದದಿಂದ ಬಿಟ್ಟು, ಎಗರಿದಾಗ ಹಿಡಿದುಕೊಳ್ಳಬೇಕು. ಒಣಗಿದ್ದು ಟಿಣ್ಣೆಂದು ಹಾಡುತ್ತದೆ, ಹಸಿ ಇದ್ದದ್ದು ತೊಪ್ಪೆನ್ನುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ತಾತಂಗ್ ಒಂದೊಂದೇ ಕೋಲು ಬಡಿಯುವುದು, ಹಿಂದೆ ನಿಂತ ಜೋಮೆಲ್ "ಹಾಡ್ತು" ಎನ್ನುವುದು ಅಥವಾ "ಇಲ್ಲ" ಎನ್ನುವುದು. ಗಿರಾಕಿಗಳು ಎದುರಿಗಿದ್ದರೆ ಮಾತಿಲ್ಲ: ಹಾಡದಿದ್ದರೆ ಜೋಮೆಲ್ ಒಂದು ಸಲ ಕೆಮ್ಮಬೇಕು. ತಾತಂಗ್ ಗಂಭೀರವಾಗಿ ತಲೆಯಾಡಿಸಿ "ಇನ್ನೂ ಒಂದು ತಿಂಗಳು" ಎನ್ನುತ್ತಿದ್ದರು. ಪೊಲ್ದೊ ಮರದ ಜೊತೆ ಮಾತಾಡ್ತಾರೆ ಎಂದು ಊರು ಬೆರಗಾಗುತ್ತಿತ್ತು. ಆ ಹುಡುಗನಿಗೆ ಕ್ಷಯ ಇರಬೇಕು ಎಂದೂ ಊರು ಹೇಳುತ್ತಿತ್ತು.

ಈ ಗುಟ್ಟು ತಾತಂಗ್‌ಗೂ ಜೋಮೆಲ್‌ಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ರೋವೆನಾಳಿಗೆ ಗೊತ್ತಿತ್ತು, ಅವಳಿಗೆ ಹೇಳದೆ ಜೋಮೆಲ್‌ಗೆ ನಿದ್ದೆ ಬರುತ್ತಿರಲಿಲ್ಲ.

ಮಾಡಿಗೆ ನೇತುಬಿದ್ದ ನೂರಿಪ್ಪತ್ತು ಕೋಲುಗಳಲ್ಲಿ ಒಂದಕ್ಕೆ ಕೆಂಪು ದಾರ ಕಟ್ಟಿತ್ತು. ಅದು ಕಪಿತಾನ್ ಗಾವಿನೊ ಅವರದು. ಕಪಿತಾನ್ ಎಂದರೆ ಸೈನ್ಯದವನಲ್ಲ, ಆ ವಾರ್ಡಿನ ಮುಖಂಡ. ಆದರೂ ಅಂಗಿಯ ಕೆಳಗೆ ಪಿಸ್ತೂಲು ಇಡುವ ಅಭ್ಯಾಸ ಇತ್ತು. ಅಮೆರಿಕದವರ ವಾಯುನೆಲೆ ಇದ್ದ ಕಾಲದಲ್ಲಿ ಅವರ ಅಪ್ಪ ಅಲ್ಲಿನ ಬೌಲಿಂಗ್ ಮನೆಯಲ್ಲಿ ಉರುಳಿದ ಗೂಟಗಳನ್ನು ಮತ್ತೆ ನಿಲ್ಲಿಸುವ ಕೆಲಸದಲ್ಲಿದ್ದರು. ಪಿನಾಟುಬೊ ಬೆಟ್ಟ ಸಿಡಿದು ಬೂದಿಯ ಭಾರಕ್ಕೆ ಆ ಮನೆಯ ಮಾಡು ಕುಸಿದಾಗ, ಆ ಅಪ್ಪ ನೆಲದಿಂದ ಒಂದು ಮೇಪಲ್ ಹಲಗೆ ಕಿತ್ತು ಮೂರು ಗಾಲಿಯ ಗಾಡಿಯ ಮೇಲೆ ಹೇರಿಕೊಂಡು ಬಂದು ಮಂಚದ ಕೆಳಗಿಟ್ಟರು. ಸಾಯುವ ತನಕ ಅದರ ಮೇಲೆಯೇ ಮಲಗಿದರು. ಆ ಹಲಗೆಯಿಂದ ತಾತಂಗ್ ಐದು ಕೋಲು ಕೊಯ್ದರು. ನಾಲ್ಕು ಒಂದೊಂದಾಗಿ ಬಗ್ಗಿ ಹಾಗಲಬಳ್ಳಿಗೆ ಹೋದವು. ಉಳಿದದ್ದು ಕೆಂಪು ದಾರದ್ದು.

ಈ ಕೋಲಿಗೆ ಕಾಯುತ್ತಿದ್ದವರು ಕಪಿತಾನ್ ಒಬ್ಬರೇ ಅಲ್ಲ. ಮೂರು ವರ್ಷದ ಹಿಂದೆ ಮಬಾಲಕಾಟ್‌ನ ನಾರ್ದಿಂಗ್ ಎಂಬ ಆಟಗಾರ ಇಡೀ ಮಾರ್ಕೆಟ್ಟಿನ ಎದುರಿಗೆ ಕಪಿತಾನ್‌ರನ್ನು ಸೋಲಿಸಿದ್ದ. "ಅಪ್ಪನ ಕೋಲು ಆಗ್ಲಿ, ಆಮೇಲೆ ತೋರಿಸ್ತೀನಿ" ಎಂದು ಅಂದಿನಿಂದ ಕಪಿತಾನ್ ಹೇಳುತ್ತಲೇ ಬಂದಿದ್ದರು. ಈಗ ಕೊನೆಗೂ ನವೆಂಬರ್ ಇಪ್ಪತ್ತಕ್ಕೆ ಆಟ ಗೊತ್ತಾಗಿತ್ತು. ಬ್ಯಾನರು ಕಟ್ಟಿದ್ದರು. ಕೊನೆಯ ತೆಳುವಾದ ಅದ್ದು, ಎರಡು ವಾರ ನೇತಾಟ, ಕೊನೆಯ ಕಡೆತ, ಇಷ್ಟೇ ಬಾಕಿ.

ಅಕ್ಟೋಬರ್ ಕೊನೆಯ ಶನಿವಾರ ತಾತಂಗ್ ಮಗಳ ಊರಿಗೆ ಹೊರಟರು. ಸತ್ತವರ ಹಬ್ಬ, ಮುಂದಿನ ಮೂರು ದಿನ ಎಲ್ಲರೂ ಗೋರಿಗಳ ಹತ್ತಿರವೇ ಇರುವವರು.

"ಕೆಂಪು ದಾರದ್ದು ಅದ್ದಿಬಿಡು" ಎಂದರು. "ಕಾಲು ಗಂಟೆ. ಒರೆಸಿ ನೇತುಹಾಕಿ ಮನೆಗೆ ಹೋಗು."

"ಆಯ್ತು ತಾತಂಗ್."

"ಉಸಿರು ಬಿಟ್ಕೊಂಡು ಅದ್ದು. ಹೋದ ಸಲ ಮುಖ ನೀಲಿಗಟ್ಟಿತ್ತು."

ಜೋಮೆಲ್ ಕೋಲನ್ನು ಕೊಳವೆಯೊಳಗೆ ಇಳಿಸಿ, ಮುಚ್ಚಳ ಹಾಕಿ, ಒಳಗೆ ಬಂದು ಗೋಡೆ ಗಡಿಯಾರ ನೋಡಿದ. ಹನ್ನೊಂದೂ ನಲವತ್ತು. ಬೆಂಚಿನ ಮೇಲೆ ಕೂತು ರೊಟ್ಟಿಯ ಪೊಟ್ಟಣ ಬಿಚ್ಚಿದ. ಆಗ ತಲೆಯ ಮೇಲೆ ಒಂದು ಕೋಲು ಪಕ್ಕದ ಕೋಲಿಗೆ ತಗುಲಿ ಟಿಣ್ಣೆಂದಿತು. ಆಮೇಲೆ ಇನ್ನೊಂದು. ಆಮೇಲೆ ನೂರಿಪ್ಪತ್ತೂ ಒಟ್ಟಿಗೆ ಒಂದಕ್ಕೊಂದು ಬಡಿದುಕೊಂಡು ಹಾಡಲು ಶುರುಮಾಡಿದವು. ಗಾಳಿ ಇರಲಿಲ್ಲ. ಕಾಲಕೆಳಗಿನ ನೆಲವೇ ದೋಣಿಯ ಹಾಗೆ ತೂಗುತ್ತಿತ್ತು.

ಎರಡು ವರ್ಷದ ಹಿಂದಿನ ಭೂಕಂಪದಲ್ಲಿ ನಾಲ್ಕಂತಸ್ತಿನ ಅಂಗಡಿಯೊಂದು ಚಪಾತಿಯಾದದ್ದನ್ನು ಜೋಮೆಲ್ ಕಣ್ಣಾರೆ ಕಂಡಿದ್ದ. ಅವನು ಓಡಿದ. ಚಪ್ಪಲಿ ಬಾಗಿಲಲ್ಲಿ ಉಳಿಯಿತು, ರೊಟ್ಟಿ ಕೈಯಲ್ಲಿ ಉಳಿಯಿತು. ಎರಡು ಕಿಲೋಮೀಟರ್ ಓಡಿ ಮನೆ ತಲುಪಿದಾಗ ರೋವೆನಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಭೂಕಂಪ" ಎಂದ.

"ಆಯ್ತು, ನಿಂತೂ ಹೋಯ್ತು. ಆ ರೊಟ್ಟಿ ಯಾರಿಗೆ ತಂದೆ?"

ಬುಧವಾರ ಬೆಳಿಗ್ಗೆ ಕಾರ್ಖಾನೆಯ ಬೀಗ ತೆಗೆದು, ಬಾಗಿಲಲ್ಲಿ ತನ್ನ ಚಪ್ಪಲಿ ಕಂಡು ನಕ್ಕ. ಮಾಡು ನೋಡಿದ. ಎಲ್ಲ ಕೋಲೂ ಇದ್ದವು, ಒಂದು ಕೊಕ್ಕೆ ಮಾತ್ರ ಖಾಲಿ. ನಗು ಹಾಗೆಯೇ ಮುಖದ ಮೇಲಿತ್ತು. ಹಿತ್ತಲಿಗೆ ಹೋದ. ಈ ಸಲ ಉಸಿರು ಹಿಡಿಯುವುದನ್ನೂ ಮರೆತ. ಮುಚ್ಚಳ ತೆಗೆದು ಕೋಲೆಳೆದ. ಸುಲಭಕ್ಕೆ ಬರಲಿಲ್ಲ, ಉಬ್ಬಿತ್ತು. ಬಂದದ್ದು ಹೊಳೆಯುವ, ಜಿನುಗುವ, ಬೆಣ್ಣೆಯ ಬಣ್ಣಕ್ಕೆ ತಿರುಗಿದ ಕೋಲು.

ತಕ್ಕಡಿಗೆ ಹಾಕಿದ. ನೂರಾ ಹನ್ನೆರಡು ಗ್ರಾಂ ಇದ್ದದ್ದು ನೂರಾ ಮೂವತ್ತೊಂಬತ್ತಾಗಿತ್ತು. ನೆಲಕ್ಕೆ ಬಡಿದ. ಹಸಿ ಹಿಟ್ಟಿನ ಮುದ್ದೆ ಬಿದ್ದಂಥ ಸದ್ದು ಬಂತು. ಕಾಲು ಗಂಟೆ ಅದ್ದಿದ್ದಕ್ಕೆ ಎರಡು ವಾರ ಬೇಕಾದರೆ ನಾಲ್ಕು ದಿನ ಅದ್ದಿದ್ದಕ್ಕೆ ಎಷ್ಟು ಎಂದು ಲೆಕ್ಕ ಹಾಕಿ, ಉತ್ತರ ಬರುವ ಮೊದಲೇ ಬಿಟ್ಟುಬಿಟ್ಟ.

ತಾತಂಗ್ ಹತ್ತು ಗಂಟೆಗೆ ಬಂದರು. ಅಷ್ಟರಲ್ಲಿ ಕೋಲು ಒರೆಸಿ ಕೊಕ್ಕೆಗೆ ಏರಿತ್ತು.

"ಅದ್ದಿದ್ಯಾ?"

"ಅದ್ದಿದೆ ತಾತಂಗ್."

ಇದರಲ್ಲಿ ಸುಳ್ಳೇನೂ ಇಲ್ಲ ಎಂದು ಜೋಮೆಲ್ ತನಗೆ ತಾನೇ ಹೇಳಿಕೊಂಡ. ಅದ್ದಿದ್ದಂತೂ ನಿಜ, ಬೇರೆ ಯಾರೂ ಅದ್ದದಷ್ಟು ಅದ್ದಿದ್ದ.

ಆ ವಾರವಿಡೀ ಅವನು ಊಟ ಮಾಡಿದ್ದು ನೆನಪಿಲ್ಲ. ಮಾರ್ಕೆಟ್ಟಿಗೆ ಹೋದರೆ ಬ್ಯಾನರಿನಲ್ಲಿ ಕಪಿತಾನ್ ಗಾವಿನೊ ಕೈಕಟ್ಟಿ ನಿಂತು ಅವನನ್ನೇ ನೋಡುತ್ತಿದ್ದರು. ಮಧ್ಯಾಹ್ನ ತಾತಂಗ್ ಕುರ್ಚಿಯಲ್ಲಿ ತೂಕಡಿಸುವಾಗ ಕೋಲಿಳಿಸಿ ಫ್ಯಾನಿನ ಎದುರು ಹಿಡಿದು ಕೂರುತ್ತಿದ್ದ, ಜ್ವರದ ಮಗುವಿಗೆ ಗಾಳಿ ಹಾಕುವ ಹಾಗೆ. ಎರಡು ದಿನಕ್ಕೆ ಒಂದು ಗ್ರಾಂ ಇಳಿಯಿತು. ಶುಕ್ರವಾರ ಅವನ ಬುದ್ಧಿ ಪೂರ್ತಿ ಕೆಟ್ಟಿತು. ಮನೆಗೆ ಒಯ್ದು ಒಲೆಯ ಮೇಲಿನ ಬಿಸಿಗಾಳಿಗೆ ಕಟ್ಟಿದರೆ ಬೇಗ ಒಣಗೀತು ಎಂದುಕೊಂಡ. ಒಯ್ಯುವುದು ಹೇಗೆ? ಕೋಲನ್ನು ಪ್ಯಾಂಟಿನ ಬಲಗಾಲೊಳಗೆ ತೂರಿಸಿ, ಸೊಂಟಕ್ಕೆ ಬೆಲ್ಟು ಬಿಗಿದು, ನೆಟ್ಟಗಿನ ಕಾಲೆಳೆಯುತ್ತ ಹೊರಟ. ಜೀಪ್ನಿ ಎಂಬ ಮಿನಿಬಸ್ಸಿನಲ್ಲಿ ಕೂರಲು ಆಗದೆ ಬಾಗಿಲಲ್ಲೇ ನೇತಾಡಿದ. ಇಳಿಯುವ ಜಾಗ ಕಪಿತಾನ್ ಮನೆಯ ಎದುರಿಗೆ ಎನ್ನುವುದು ಇಳಿದ ಮೇಲೆ ನೆನಪಾಯಿತು.

ಜಗುಲಿಯಲ್ಲಿ ಕಪಿತಾನ್ ಕಾಫಿ ಕುಡಿಯುತ್ತಿದ್ದರು. ಎರಡು ನಾಯಿಗಳು ಎದ್ದು ನಿಂತವು.

"ಪೊಲ್ದೊ ಅವ್ರ ಕೆಮ್ಮಪ್ಪ ಅಲ್ವೇನೋ ನೀನು. ಕಾಲಿಗೇನಾಯ್ತು?"

"ಭೂಕಂಪದಲ್ಲಿ ಬಿದ್ದೆ ಕಪಿತಾನ್."

"ಶನಿವಾರದ ಭೂಕಂಪಕ್ಕೆ ಶುಕ್ರವಾರ ಕುಂಟ್ತೀಯಲ್ಲೋ."

"ನಿಧಾನಕ್ಕೆ ಗೊತ್ತಾಯ್ತು, ಕಪಿತಾನ್."

ನಾಯಿಗಳು ಬಂದು ಬಲಗಾಲನ್ನು ಮೂಸಿದವು. ಜೋಮೆಲ್‌ನ ರಕ್ತ ಅಷ್ಟೂ ಎಡಗಾಲಿಗೆ ಓಡಿತು. ಒಂದು ನಾಯಿ ಮೂಗನ್ನು ಪ್ಯಾಂಟಿಗೆ ಒತ್ತಿ ಒಳಗೆಳೆದುಕೊಂಡು, ಗಟ್ಟಿಯಾಗಿ ಸೀನಿ ಹಿಂದೆ ಸರಿಯಿತು. ಇನ್ನೊಂದೂ ಸೀನಿತು.

"ಸ್ನಾನ ಮಾಡೋ" ಎಂದರು ಕಪಿತಾನ್. "ನನ್ನ ಕೋಲು ಹೇಗಿದೆ?"

"ಹತ್ರದಲ್ಲೇ ಇದೆ, ಕಪಿತಾನ್."

ಮನೆಯಲ್ಲಿ ಒಲೆಯ ಮೇಲಿನ ಮೊಳೆಗೆ ಕೋಲು ಕಟ್ಟಿ, ಕೈ ತೊಳೆಯಲು ಹೋದ. ತಿರುಗಿ ಬರುವಾಗ ರೋವೆನಾ ಅನ್ನದ ಪಾತ್ರೆ ಇಟ್ಟು ಬೆಂಕಿಕಡ್ಡಿ ಪೆಟ್ಟಿಗೆಗೆ ಒತ್ತಿದ್ದಳು. ಮದ್ದಿನ ಡಬ್ಬಿಯ ಮೇಲಿನ ಬೆಂಕಿಯ ಚಿತ್ರ ಅವನ ಕಣ್ಣಮುಂದೆ ಹಾಯಿತು. ಹೇಗೆ ಹಾರಿದನೋ, ಅವಳ ಕೈಯಿಂದ ಕಡ್ಡಿ ಕಿತ್ತು ಬಾಯಿಗೆ ಹಾಕಿಕೊಂಡ. ಕಡ್ಡಿ ಹತ್ತಿರಲಿಲ್ಲ.

ರೋವೆನಾ ಅವನನ್ನು ನೋಡಿದಳು, ಕೋಲನ್ನು ನೋಡಿದಳು, ಮೂಗು ಹಿಂಡಿದಳು.

"ಉಗಿ. ಆಮೇಲೆ ಹೇಳು."

ಅವನು ಕಡ್ಡಿ ಉಗಿದು, ಎಲ್ಲ ಹೇಳಿದ.

"ನೀನು ಹೆದರೋದಕ್ಕೆ ನಂದೇನೂ ಅಡ್ಡಿಯಿಲ್ಲ" ಎಂದಳು ರೋವೆನಾ. "ಹೆದರಿಕೊಂಡು ನನ್ನ ಅಡುಗೆಮನೆ ಸುಡೋದಕ್ಕೆ ಬಂದ್ಯಲ್ಲ. ಬೆಳಿಗ್ಗೆ ಆ ಮುದುಕರಿಗೆ ಹೇಳು."

"ಹೂಂ, ಹೇಳ್ತೀನಿ."

"ಈಗ ಹೂಂ ಅಂದಿದ್ದು ಮದುವೆಗೆ ಅಂದ ಹೂಂ ಥರನಾ, ನಮ್ಮಮ್ಮನಿಗೆ ಅನ್ನೋ ಹೂಂ ಥರನಾ?"

ಅವಳ ಅಮ್ಮನಿಗೆ ಅನ್ನುವ ಥರದ್ದೇ ಆಗಿತ್ತು. ಶನಿವಾರ ಅವನು ಹೇಳಲಿಲ್ಲ. ಕೋಲು ಮತ್ತೆ ಕಾಲೊಳಗೆ ತೂರಿ ಕೊಕ್ಕೆಗೆ ಹೋಯಿತು. ಮುಂದಿನ ವಾರವೂ ಹೇಳಲಿಲ್ಲ. ಪ್ರತಿದಿನ ಬೆಳಿಗ್ಗೆ ಬಾಯಿ ತೆರೆಯುತ್ತಿದ್ದ, ಆಗಲೇ ತಾತಂಗ್ ಯಾವುದೋ ಉಳಿ ಕೇಳುತ್ತಿದ್ದರು, ಉಳಿ ಕೊಟ್ಟು ಬಾಯಿ ಮುಚ್ಚುತ್ತಿದ್ದ.

ಹದಿನೈದನೆಯ ತಾರೀಕಿನ ಸೋಮವಾರ ತಾತಂಗ್ ಕೆಂಪು ದಾರ ಬಿಚ್ಚಿದರು. ನೆಲದ ಮೇಲೆ ಗೇಣುದ್ದ ಎತ್ತಿ, ಬಿಟ್ಟು, ಹಿಡಿದರು. ತೊಪ್ಪ್. ಸದ್ದು ಎಷ್ಟು ಮೊದ್ದಾಗಿತ್ತೆಂದರೆ ಹಾಗಲಬಳ್ಳಿಗೂ ಕೇಳಿಸಿರಬೇಕು. ತಾತಂಗ್ ತಿರುಗಿ ನೋಡದೆ ಕಾದರು. ಅವರು ಎಂದೂ ತಿರುಗಿ ನೋಡುತ್ತಿರಲಿಲ್ಲ. ನೋಡುವ ಅಗತ್ಯ ಬಿದ್ದಿರಲಿಲ್ಲ.

"ಹಾಡ್ತು" ಎಂದ ಜೋಮೆಲ್.

ಹೇಳಿದ ಮೇಲೆ ಅವನಿಗೆ ಗೊತ್ತಾಯಿತು, ಇಷ್ಟು ದಿನ ಹೆದರಿದ್ದು ತಪ್ಪು ಜಾಗಕ್ಕೆ ಎಂದು. ಪಿಸ್ತೂಲಿಗೆ ಹೆದರಿದ್ದ, ನಾಯಿಗೆ ಹೆದರಿದ್ದ. ಈಗ ಎದುರಿಗೆ ಮುದುಕರ ಬೆನ್ನು ಮಾತ್ರ ಇತ್ತು. ಬನಿಯನ್ನಿನ ಎರಡು ತೂತುಗಳ ಆ ಬೆನ್ನು ಅವನ ಒಂದು ಮಾತನ್ನು ನಂಬಿ ಲೇತಿನ ಕಡೆ ನಡೆಯಿತು. ಹಸಿ ಕೋಲನ್ನು ಕೊನೆಯ ಅಳತೆಗೆ ಕಡೆದರೆ ಅದು ಇಪ್ಪತ್ತರ ಆಟ ಶುರುವಾಗುವಾಗ ನೆಟ್ಟಗೇ ಇದ್ದೀತು. ಆಟದ ನಡುವೆ, ನೂರಾರು ಜನರ ಎದುರಿಗೆ, ಇಲ್ಲವೇ ಒಂದು ತಿಂಗಳಿಗೆ ಮೆಲ್ಲಗೆ ಕುಗ್ಗಿ ಬಗ್ಗುತ್ತದೆ. ಕಡೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಸತ್ತ ಮನುಷ್ಯನ ಹಲಗೆಯಲ್ಲಿ ಮತ್ತೊಂದು ಕೋಲಿಲ್ಲ. ಪೊಲ್ದೊ ಅವರಿಗೆ ಕಿವಿ ಕೇಳದು ಎಂದು ಅಂದು ಊರಿಗೆಲ್ಲ ತಿಳಿಯುತ್ತದೆ.

ಲೇತು ತಿರುಗತೊಡಗಿತು. ಉಳಿ ತಗುಲಿತು. ಒಣ ಮೇಪಲ್ ಹುಡಿಯಾಗಿ ಹಾರಬೇಕು. ಇದು ಉದ್ದನೆಯ ಎಳೆಯಾಗಿ, ಶಾವಿಗೆಯ ಹಾಗೆ ಸುರುಳಿ ಸುತ್ತಿ ತಾತಂಗ್ ಮಣಿಕಟ್ಟಿನ ಮೇಲೆ ಬಿತ್ತು. ತಾತಂಗ್ ಕನ್ನಡಕ ಸರಿಮಾಡಿಕೊಂಡರು. ಮುಂದುವರಿಸಿದರು. ಕಣ್ಣಿಗಿಂತ ಜೋಮೆಲ್ ಅವರಿಗೆ ಹೆಚ್ಚು ನಂಬಿಕೆಯವನಾಗಿದ್ದ.

ಜೋಮೆಲ್‌ನ ಕೈ ಹೋಗಿ ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಗೆಳೆಯಿತು. ಕೈ ಹೋಗಿದ್ದು ಅವನಿಗೆ ಆಮೇಲೆ ತಿಳಿಯಿತು. ಲೇತು ನರಳುತ್ತ ನಿಂತಿತು.

"ಹಾಡ್ಲಿಲ್ಲ ತಾತಂಗ್."

"ಏನು?"

ಹತ್ತಿರ ಹೋಗಿ ಕಿವಿಯ ಬಳಿ ಹೇಳಿದ. "ಹಾಡ್ಲಿಲ್ಲ. ಸುಳ್ಳು ಹೇಳಿದೆ. ನಾಲ್ಕು ದಿನ ಮದ್ದಲ್ಲೇ ಇತ್ತು."

ತಾತಂಗ್ ಬೈಯಲಿಲ್ಲ. ಆ ಶಾವಿಗೆಯ ಎಳೆಯನ್ನು ಬೆರಳಲ್ಲಿ ಹೊಸಕಿ ಮೂಸಿದರು. ಬೆಂಚಿನ ಮೇಲೆ ಕೂತರು.

"ನನ್ನ ಕಿವಿನ ನಿನ್ನ ಹತ್ರ ಬಿಟ್ಟಿದ್ದೆನಲ್ಲೋ" ಎಂದರು.

ಜೋಮೆಲ್‌ಗೆ ಬೈಗುಳ ಬೇಕಿತ್ತು. ಬೈದಿದ್ದರೆ ಎಲ್ಲಿ ನಿಲ್ಲಬೇಕು ಎಂದಾದರೂ ತಿಳಿಯುತ್ತಿತ್ತು.

ತಾತಂಗ್ ಎದ್ದು ಕೋಲನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಕೂದಲಿನಷ್ಟೇ ಹೋಗಿದೆ. ನಾಲ್ಕು ತಿಂಗಳು ನೇತಾಡಿದ್ರೆ ನೆಟ್ಟಗೆ ಉಳಿದೀತು. ಉಳೀದೇನೂ ಇದ್ದೀತು." ಗೋಡೆಯ ಮೊಳೆಯಿಂದ ಟೋಪಿ ತೆಗೆದು ಹಾಕಿಕೊಂಡರು.

"ಎಲ್ಲಿಗೆ ತಾತಂಗ್?"

"ಗಾವಿನೊ ಮನೆಗೆ. ನಾನೇ ಮರೆತೆ ಅಂತೀನಿ. ಮುದುಕನಿಗೆ ಮರೆವು ಅಂದ್ರೆ ನಂಬ್ತಾರೆ."

ಟೋಪಿಯ ಅಂಚು ಹರಿದಿತ್ತು. ಅದನ್ನು ನೋಡುತ್ತ ನಿಂತಿದ್ದ ಜೋಮೆಲ್‌ನ ಬಾಯಿಯಿಂದ "ನಾನು ಹೋಗ್ತೀನಿ" ಎಂಬ ಮಾತು ಬಂತು. ಇಬ್ಬರೂ ಒಂದು ಕ್ಷಣ ಸುತ್ತ ನೋಡಿದರು, ಹೇಳಿದ್ದು ಯಾರು ಎನ್ನುವ ಹಾಗೆ.

"ನೀನಾ?"

"ಬೇಡ ಅನ್ಬೇಡಿ ತಾತಂಗ್. ಅಂದ್ರೆ ಕೂತ್ಬಿಡ್ತೀನಿ."

ಕಪಿತಾನ್ ಜಗುಲಿಯಲ್ಲಿ ಆ ಹೊತ್ತಿಗೆ ಏಳೆಂಟು ಜನ. ಆಟದ ದಿನ ಯಾರು ಎಲ್ಲಿ ಕೂರಬೇಕೆಂಬ ಚರ್ಚೆ ನಡೆದಿತ್ತು. ನಾಯಿಗಳು ಜೋಮೆಲ್‌ನ ಗುರುತು ಹಿಡಿದು ದೂರದಿಂದಲೇ ಸೀನಿದವು. ಅವನು ಕೋಲನ್ನು ಎರಡೂ ಕೈಯಲ್ಲಿ ಎದುರಿಗೆ ಹಿಡಿದು, ದಾರಿಯುದ್ದಕ್ಕೂ ಉರುಹೊಡೆದ ಮಾತನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ: ಅದ್ದಿದ್ದು, ನೆಲ ನಡುಗಿದ್ದು, ಓಡಿದ್ದು, ಮರೆತದ್ದು, ತಪ್ಪು ತಾತಂಗ್‌ದಲ್ಲ. ಯಾರೋ ಕಪ್ಪನ್ನು ಬಸಿಯ ಮೇಲೆ ಇಟ್ಟರು.

ಕಪಿತಾನ್ ಎದ್ದರು. "ಒಳಗೆ ಬಾ."

ಒಳಗಿನ ಕೋಣೆಯ ಬಾಗಿಲು ಹಾಕಿ ಚಿಲಕ ಹಾಕಿದರು. ಸೊಂಟದಿಂದ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟರು. ಜೋಮೆಲ್‌ಗೆ ರೋವೆನಾಳ ಮುಖ ನೆನಪಾಯಿತು. ಅವಳು ಬೈಯುತ್ತಿದ್ದಳು.

"ಕೂತ್ಕೊ. ಅದು ಸೊಂಟಕ್ಕೆ ಚುಚ್ಚುತ್ತೆ, ಅದಕ್ಕೆ ತೆಗೆದೆ" ಎಂದರು ಕಪಿತಾನ್. ಕೋಲನ್ನು ತೆಗೆದುಕೊಂಡು, ಅಪ್ಪನ ಮಂಚದ ಪಕ್ಕದ ನೆಲಕ್ಕೆ ಬಡಿದರು. ತೊಪ್ಪ್. "ಎಷ್ಟು ತಿಂಗಳು ಬೇಕು?"

"ನಾಲ್ಕು, ಕಪಿತಾನ್. ಐದೂ ಆಗ್ಬಹುದು."

"ಆರಾಗುತ್ತಾ?"

ಜೋಮೆಲ್ ತಲೆಯೆತ್ತಿ ನೋಡಿದ. ಕಪಿತಾನ್ ಅವನನ್ನು ನೋಡುತ್ತಿರಲಿಲ್ಲ. ಎಡಗೈಯನ್ನು ಮೇಜಿನ ಮೇಲೆ ಚಾಚಿ, ಕೋಲು ಹಾಯಿಸುವಾಗ ಆಟಗಾರರು ಮಾಡುವಂತೆ ಬೆರಳುಗಳನ್ನು ಕಮಾನಾಗಿ ಮಡಿಸಿದರು. ಬೆರಳುಗಳು ನಡುಗುತ್ತಿದ್ದವು. ಕೋಲನ್ನು ಆ ಕಮಾನಿನ ಮೇಲಿಟ್ಟರು. ಕೋಲಿನ ತುದಿಯೂ ನಡುಗಿತು.

"ನಾರ್ದಿಂಗ್ ಹತ್ರ ಸೋತ ದಿನದಿಂದ" ಎಂದರು. "ಒಬ್ಬನೇ ಇದ್ದಾಗ ಸರಿ ಇರುತ್ತೆ. ಎದುರಿಗೆ ನಾಲ್ಕು ಜನ ನಿಂತ್ರೆ ಹೀಗೆ. ಅಪ್ಪನ ಕೋಲು ಬರ್ಲಿ ಅಂತ ಹೇಳಿ ಮೂರು ವರ್ಷ ತಳ್ಳಿದೆ. ನಿಮ್ಮ ಮುದುಕ ಮಾಡೇಬಿಟ್ಟ. ಮೊನ್ನೆಯಿಂದ ನಿದ್ದೆ ಇಲ್ಲ."

ಜೋಮೆಲ್ ತನಗೆ ಗೊತ್ತಿದ್ದ ಒಂದೇ ವಿಷಯ ಹೇಳಿದ. "ನಂಗೂ ಇಲ್ಲ ಕಪಿತಾನ್."

"ಕಾಲಲ್ಲಿ ಇದ್ದದ್ದು ಇದೇನೇನೋ ಅವತ್ತು?"

"ಹೌದು."

ಕಪಿತಾನ್ ಮೂಗಿನಲ್ಲಿ ನಕ್ಕರು. ಪಿಸ್ತೂಲು ಸಿಕ್ಕಿಸಿಕೊಂಡು, ಬಾಗಿಲ ಬಳಿ ನಿಂತು, "ಈಗ ಹೊರಗೆ ಬೈತೀನಿ. ತಲೆ ಬಗ್ಗಿಸ್ಕೊ" ಎಂದರು.

ಬೈದದ್ದು ಮಾರ್ಕೆಟ್ಟಿನ ತನಕ ಕೇಳಿಸಿತು. ಜೋಮೆಲ್‌ನ ಏಳು ತಲೆಮಾರು, ಅವನ ಕೆಮ್ಮು, ಅವನ ಕಾಲು, ಎಲ್ಲಕ್ಕೂ ಪಾಲು ಸಿಕ್ಕಿತು. ಬೈಯುತ್ತ ಬೈಯುತ್ತ ಕಪಿತಾನ್‌ರ ಮುಖ ಹಗುರಾಗುತ್ತ ಹೋಯಿತು. ಸಂಜೆ ಬ್ಯಾನರು ಇಳಿಸಿದರು.

ಕೋಲು ಕೊಕ್ಕೆಗೆ ಹೋಯಿತು. ಕಪಿತಾನ್ ಪ್ರತಿ ಸೋಮವಾರ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಲ್ಲುವುದು ರೂಢಿಯಾಯಿತು. ತಾತಂಗ್ ಬಡಿಯುವರು, ಜೋಮೆಲ್ ಕೆಮ್ಮುವನು, ತಾತಂಗ್ "ಇನ್ನೂ ಇಲ್ಲ" ಎನ್ನುವರು, ಕಪಿತಾನ್ ನಿಟ್ಟುಸಿರುಬಿಟ್ಟು "ಏನ್ಮಾಡೋದು" ಎಂದು ಹಗುರಾಗಿ ಹೋಗುವರು. ನಾಲ್ಕೈದು ಸೋಮವಾರಗಳಲ್ಲಿ ಆ ಕೆಮ್ಮಿನ ಅರ್ಥ ಕಪಿತಾನ್‌ಗೂ ಹೊಳೆದಿತ್ತು, ಯಾರಿಗೂ ಹೇಳಲಿಲ್ಲ. ಮೊದಮೊದಲು ತಾತಂಗ್ ಜೋಮೆಲ್ ಕೆಮ್ಮಿದಾಗಲೂ ತಿರುಗಿ ಅವನ ಮುಖ ನೋಡುತ್ತಿದ್ದರು. ಅದು ಜೋಮೆಲ್‌ಗೆ ಪಿಸ್ತೂಲಿಗಿಂತ ನೇರವಾಗಿ ತಗುಲುತ್ತಿತ್ತು. ಫೆಬ್ರವರಿಯ ಹೊತ್ತಿಗೆ ನೋಡುವುದನ್ನು ಬಿಟ್ಟರು. ತಕ್ಕಡಿಯಲ್ಲಿ ತೂಕ ಇಳಿಯುತ್ತ ಬಂತು: ನೂರಾ ಮೂವತ್ತೆರಡು, ನೂರಾ ಇಪ್ಪತ್ತೇಳು, ನೂರಾ ಹತ್ತೊಂಬತ್ತು. ಕೋಲು ಬಗ್ಗಲಿಲ್ಲ. ಕ್ರಿಸ್‌ಮಸ್ಸಿಗೆ ಕಪಿತಾನ್ ಮನೆಯಿಂದ ಒಂದು ಹಂದಿ ತೊಡೆ ಬಂತು, ಯಾಕೆಂದು ಯಾರೂ ಹೇಳಲಿಲ್ಲ. ರೋವೆನಾ ಮಾತ್ರ "ಕೆಮ್ಮಿದ್ದಕ್ಕೆ ಇಷ್ಟು ಸಿಗುತ್ತೆ ಅಂತ ಗೊತ್ತಿದ್ರೆ ನಾನೂ ಕಲೀತಿದ್ದೆ" ಎಂದಳು.

ಮಾರ್ಚ್ ಮೂರನೆಯ ಸೋಮವಾರ ತಾತಂಗ್ ಕೋಲನ್ನು ಗೇಣುದ್ದ ಎತ್ತಿ ಬಿಟ್ಟರು.

ಟಿಣ್ಣೆಂದಿತು. ಜೋಮೆಲ್ ಹತ್ತು ವರ್ಷದಲ್ಲಿ ಕೇಳಿದ್ದ ಯಾವ ಕೋಲಿಗಿಂತಲೂ ಶುದ್ಧವಾದ ದನಿ, ಗಾಜಿನ ಲೋಟದ ಅಂಚಿಗೆ ಉಗುರು ತಾಗಿಸಿದ ಹಾಗೆ. ಬಾಗಿಲಲ್ಲಿ ಕಪಿತಾನ್ ಅವನನ್ನೇ ನೋಡುತ್ತಿದ್ದರು. ಒಂದು ಕೆಮ್ಮು ಸಾಕಿತ್ತು. ಇನ್ನೊಂದು ತಿಂಗಳು ಎಲ್ಲರೂ ನಿದ್ದೆ ಮಾಡಬಹುದಿತ್ತು. ಜೋಮೆಲ್‌ನ ಗಂಟಲು ನಿಜಕ್ಕೂ ಕೆರೆಯತೊಡಗಿತು, ಹುಡಿ ಹೋದ ಹಾಗೆ.

ತಾತಂಗ್ ತಿರುಗಿ ನೋಡದೆ ಕಾಯುತ್ತಿದ್ದರು. ಬನಿಯನ್ನಿನ ತೂತು ಈಗ ಮೂರಾಗಿತ್ತು.

"ಹಾಡ್ತು ತಾತಂಗ್" ಎಂದ ಜೋಮೆಲ್.

ಕಪಿತಾನ್ ಒಳಗೆ ಬಂದರು. "ಸರಿಯಾಗಿ ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ ಕಪಿತಾನ್." ಬೇರೇನಾದರೂ ಹೇಳಬೇಕು ಅನ್ನಿಸಿತು. "ಹೆದರಿಕೆ ಆಗುತ್ತೆ. ನಂಗೆ ಈಗಲೂ ಆಗ್ತಾ ಇದೆ."

ಕಪಿತಾನ್ ಬೆಂಚಿನ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

"ಇನ್ನೊಂದ್ಸಲ ಬಡೀರಿ, ಪೊಲ್ದೊ" ಎಂದರು.

ತಾತಂಗ್ ಬಡಿದರು. ಈ ಸಲ ಆ ದನಿ ಮಾಡಿನ ಕೋಲುಗಳ ನಡುವೆ ಸುತ್ತಿ ಸುತ್ತಿ ನಿಧಾನಕ್ಕೆ ಅಡಗಿತು. ತಾತಂಗ್‌ಗೆ ಏನೂ ಕೇಳಿಸಲಿಲ್ಲ. ಅವರು ಮೊದಲು ಜೋಮೆಲ್‌ನ ಮುಖ ನೋಡಿದರು, ಆಮೇಲೆ ಕಪಿತಾನ್‌ರ ಮುಖ. ಇಬ್ಬರದೂ ಬಿಳಿಚಿತ್ತು. ತಲೆಯಾಡಿಸಿ, ಕೋಲನ್ನು ಲೇತಿಗೆ ಕಟ್ಟಿ, ಸ್ವಿಚ್ಚು ಮೇಲೆ ಮಾಡಿದರು. ಹುಡಿ ಹಿಟ್ಟಿನ ಹಾಗೆ ಹಾರಿತು.